ಹಿಂದಿನ ಗೇಟು

ಕೋಲ್ಕತ್ತಾದಲ್ಲೂ ಒಂದು ಬಿಗ್ ಬೆನ್ ಇದೆ ಎಂದರೆ ಇಂಗ್ಲೆಂಡಿನಲ್ಲಿರುವ ನಮ್ಮ ಓದುಗರು ನಗಬಹುದು. ನಗಿ, ಪರವಾಗಿಲ್ಲ, ನಾನೂ ನಕ್ಕಿದ್ದೆ. ವಿಮಾನ ನಿಲ್ದಾಣದಿಂದ ಊರೊಳಗೆ ಬರುವ ವಿ.ಐ.ಪಿ. ರಸ್ತೆಯಲ್ಲಿ, ಲೇಕ್ ಟೌನ್ ಹತ್ತಿರ, ಸುಮಾರು 30 ಮೀಟರ್ ಎತ್ತರದ ಗಡಿಯಾರದ ಗೋಪುರ ನಿಂತಿದೆ. 2015ರಲ್ಲಿ ಕಟ್ಟಿದ್ದು. ಲಂಡನ್ನಿನ ಅಸಲಿ ಗೋಪುರದ ಮೂರನೇ ಒಂದು ಭಾಗದಷ್ಟು ಎತ್ತರ, ಸುತ್ತ ಬಸ್ಸುಗಳ ಹೊಗೆ, ಪಕ್ಕದಲ್ಲಿ ಚಹಾದ ಅಂಗಡಿ. 2011ರಲ್ಲಿ ಮಮತಾ ಬ್ಯಾನರ್ಜಿ ಮುಖ್ಯಮಂತ್ರಿಯಾದಾಗ ಕೋಲ್ಕತ್ತಾವನ್ನು ಲಂಡನ್ ಮಾಡುತ್ತೇನೆ ಎಂದಿದ್ದರಲ್ಲ, ಅದರ ಗುರುತು ಇದೇ ಇರಬೇಕು ಎಂದು ಇಲ್ಲಿಯ ಜನ ಇವತ್ತಿಗೂ ತಮಾಷೆ ಮಾಡುತ್ತಾರೆ.

ಆದರೆ ಈ ಊರಿಗೆ ಇಂಗ್ಲೆಂಡನ್ನು ನಕಲು ಮಾಡುವ ಚಟ ಹೊಸದಲ್ಲ. ಗವರ್ನರ್ ಸಾಹೇಬರು ಇರುವ ಭವನವನ್ನೇ ನೋಡಿ. ವೆಲ್ಲೆಸ್ಲಿ 1803ರ ಹೊತ್ತಿಗೆ ಕಟ್ಟಿಸಿ ಮುಗಿಸಿದ ಆ ಅರಮನೆಗೆ ಡರ್ಬಿಶೈರಿನ ಕೆಡಲ್‌ಸ್ಟನ್ ಹಾಲ್ ಮಾದರಿ. ಕೆಡಲ್‌ಸ್ಟನ್ ಹಾಲ್ ಕರ್ಜನ್ ಮನೆತನದ ಮನೆ. ಹಾಗಾಗಿ 1899ರಲ್ಲಿ ವೈಸ್‌ರಾಯ್ ಆಗಿ ಬಂದ ಲಾರ್ಡ್ ಕರ್ಜನ್ ತನ್ನ ಹುಟ್ಟುಮನೆಯ ನಕಲಿನೊಳಗೇ ಸಂಸಾರ ಹೂಡಬೇಕಾಯಿತು! ಸೇಂಟ್ ಪಾಲ್ಸ್ ಚರ್ಚಿನ ಗೋಪುರ 1934ರ ಭೂಕಂಪದಲ್ಲಿ ಬಿದ್ದಾಗ ಹೊಸ ಗೋಪುರಕ್ಕೆ ಕ್ಯಾಂಟರ್‌ಬರಿಯ ಮಾದರಿ ತಂದರು. ನಮ್ಮ ಬೆಂಗಳೂರಿನಲ್ಲಿ ಪೇಟೆ ಬೇರೆ, ದಂಡು ಬೇರೆ ಇದ್ದ ಹಾಗೆ ಇಲ್ಲಿ ಉತ್ತರದಲ್ಲಿ ಬಂಗಾಳಿಗಳ ಊರು, ನಡುವೆ ಸಾಹೇಬರ ಪಟ್ಟಣ. ಚೌರಂಗಿ, ಪಾರ್ಕ್ ಸ್ಟ್ರೀಟ್, ಮೈದಾನ ಎಲ್ಲ ಆ ಇಂಗ್ಲಿಷ್ ಪಟ್ಟಣದ್ದು. ಅದೇ ಚೌರಂಗಿಯಲ್ಲಿ ಈಗ 'ದಿ 42' ಎಂಬ ಅರವತ್ತೈದು ಮಹಡಿಯ ವಸತಿ ಕಟ್ಟಡ ಎದ್ದಿದೆ. ಸಾಹೇಬರ ಬಂಗಲೆಗಳೂ ಚರ್ಚೂ ಅದರ ಕಾಲಬುಡದಲ್ಲಿ ಆಟಿಕೆಗಳ ಹಾಗೆ ಕಾಣುತ್ತವೆ.

ನಾನು ಇರುವುದು ಅಷ್ಟು ದುಬಾರಿ ಜಾಗದಲ್ಲಲ್ಲ. ಬ್ಯಾಂಕಿನ ವರ್ಗಾವಣೆ ನನ್ನನ್ನು ಸಾಗರದಿಂದ ಶಿವಮೊಗ್ಗ, ಶಿವಮೊಗ್ಗದಿಂದ ಹುಬ್ಬಳ್ಳಿ, ಅಲ್ಲಿಂದ ಕೋಲ್ಕತ್ತಾಕ್ಕೆ ಎಸೆದಾಗ ಗಂಡನಿಗೆ ಸೆಕ್ಟರ್ ಫೈವ್‌ನಲ್ಲಿ ಕೆಲಸ ಸಿಕ್ಕಿತು. ಮೂರು ವರ್ಷದಲ್ಲಿ ಹೊರಟುಬಿಡುತ್ತೇವೆ ಎಂದು ಬಂದವರು ನ್ಯೂ ಟೌನ್‌ನಲ್ಲಿ ಫ್ಲ್ಯಾಟ್ ಕೊಂಡು ಕೂತಿದ್ದೇವೆ. ನಗರದ ಪೂರ್ವಕ್ಕೆ, ರಾಜಾರ್‌ಹಾಟ್ ಕಡೆಯ ಗದ್ದೆ ಬಯಲಿನ ಮೇಲೆ ಕಟ್ಟಿದ ಹೊಸ ಪಟ್ಟಣ ಇದು. ಇದನ್ನು ಕಟ್ಟಲೆಂದೇ 1999ರಲ್ಲಿ ಸರ್ಕಾರ ಒಂದು ನಿಗಮ ಮಾಡಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ 'ಹಿಡ್ಕೋ' ಎನ್ನುತ್ತಾರೆ. ಕನ್ನಡ ಕಿವಿಗೆ ಅದು ಹೇಗೆ ಕೇಳಿಸುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮ ಮೊದಲ ಸಲ ಬಂದಾಗ ಬೋರ್ಡನ್ನು ನಾನು ಓದಿ ಹೇಳಿದ್ದಕ್ಕೆ ಟ್ಯಾಕ್ಸಿಯಲ್ಲೇ ಬಿದ್ದು ಬಿದ್ದು ನಕ್ಕಿದ್ದರು.

ಇನ್ನೊಂದು ಮಾತೂ ನಮ್ಮವರನ್ನು ಇಲ್ಲಿ ದಾರಿ ತಪ್ಪಿಸುತ್ತದೆ. 'ಸಿಂಡಿಕೇಟ್' ಎಂದರೆ ನಮಗೆ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಕರಗಿದ ಬ್ಯಾಂಕು. ರಾಜಾರ್‌ಹಾಟಿನಲ್ಲಿ ಸಿಂಡಿಕೇಟ್ ಎಂದರೆ ಮರಳು, ಇಟ್ಟಿಗೆ, ಜಲ್ಲಿ ಪೂರೈಸುವ ಹುಡುಗರ ಕೂಟ. ಜಮೀನು ಕಳೆದುಕೊಂಡವರ ಮಕ್ಕಳಿಗೆ ಹೊಟ್ಟೆಪಾಡಿಗೆ ದಾರಿಯಾಗಲಿ ಎಂದು ಸಹಕಾರ ಸಂಘದ ರೂಪದಲ್ಲಿ ಶುರುವಾದದ್ದು, ಮುಂದೆ ಅದರ ಬೆನ್ನಿಗೆ ರಾಜಕೀಯ ನಿಂತು, ಅವರಿಂದಲೇ ಸಾಮಾನು ಕೊಳ್ಳಬೇಕು ಎನ್ನುವಲ್ಲಿಗೆ ಮುಟ್ಟಿತು. ಬೇಸಾಯ ಮಾಡುತ್ತಿದ್ದವರ ಮಗ ತನ್ನಪ್ಪನ ಗದ್ದೆಯ ಮೇಲೆ ಏಳುವ ಕಟ್ಟಡಕ್ಕೆ ಮರಳು ಹೊತ್ತು ಹಾಕುವುದನ್ನು ಉದ್ಯೋಗ ಎನ್ನಬೇಕೋ ಏನೆನ್ನಬೇಕೋ.

ನಮ್ಮ ವಸತಿ ಸಮುಚ್ಚಯದ ಹೆಸರಿನ ಎರಡೂ ಪದ ಇಂಗ್ಲಿಷಿನವು. ವಿಳಾಸ ಅದಕ್ಕಿಂತ ಸೊಗಸು. ನ್ಯೂ ಟೌನನ್ನು ಸರ್ಕಾರ 'ಆ್ಯಕ್ಷನ್ ಏರಿಯಾ' ಒಂದು, ಎರಡು, ಮೂರು ಎಂದು ಭಾಗ ಮಾಡಿದೆ, ಅದರೊಳಗೆ ಎ ಬಿ ಸಿ ಡಿ ಬ್ಲಾಕುಗಳು. ಕಾಗದದ ಮೇಲೆ ಎಲ್ಲೂ ಒಂದು ಊರಿನ ಹೆಸರಿಲ್ಲ. ಆದರೆ ಬಸ್ಸಿನ ಕಂಡಕ್ಟರ್ ಬಾಯಲ್ಲಿ ಕೇಳಿ: ಮಹಿಷ್‌ಬಾಥಾನ್, ಠಾಕ್‌ದಾರಿ, ಜಾತ್ರಾಗಾಛಿ, ನಾರ್ಕೇಲ್‌ಬಾಗಾನ್, ಕದಂಪುಕುರ್. ಮಹಿಷ್‌ಬಾಥಾನ್ ಎಂದರೆ ಎಮ್ಮೆ ದೊಡ್ಡಿ. ನಾರ್ಕೇಲ್‌ಬಾಗಾನ್ ಎಂದರೆ ತೆಂಗಿನ ತೋಟ. ಆ ತೆಂಗಿನ ತೋಟದ ಜಾಗದಲ್ಲಿ ಈಗ ಹೆದ್ದಾರಿಯ ಮೇಲೆ ಕಮಾನಿನಂಥ ವಿಶ್ವ ಬಾಂಗ್ಲಾ ಗೇಟ್ ಇದೆ, ಅದರ ನಡುವೆ ಆಕಾಶದಲ್ಲಿ ತೂಗುಹಾಕಿದ ಹಾಗೆ ಹೋಟೆಲು. ಕದಂಪುಕುರ್ ಎಂದರೆ ಕದಂಬದ ಕೊಳ. ಬನವಾಸಿಯ ಹತ್ತಿರದವಳಾದ ನನಗೆ ಆ ಹೆಸರು ಕೇಳಿದಾಗೆಲ್ಲ ಸುಮ್ಮನೆ ಒಂದು ಸಂತೋಷ.

ಅಮ್ಮ ಬಂದದ್ದು ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ, ಹೊಸ ಖರ್ಜೂರದ ಬೆಲ್ಲ ಬರುವ ಕಾಲಕ್ಕೆ. ಹದಿನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡಿದರು. ಮುಂದುಗಡೆ ಅಗಲ ರಸ್ತೆ, ಗಾಜಿನ ಕಟ್ಟಡಗಳು, ದೂರಕ್ಕೆ ಇಕೋ ಪಾರ್ಕಿನ ಕೆರೆ. ಇದನ್ನೆಲ್ಲ ತೋರಿಸಬೇಕು ಎಂದು ನನಗೆ ಉಮೇದು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಇದ್ರ ಅಡಿಗೆ ಯಾವ ಊರಿತ್ತೇ ಮಾರಾಯ್ತಿ?"

ಅಮ್ಮ ಈ ಪ್ರಶ್ನೆ ಕೇಳುವುದು ಇಲ್ಲಿ ಮಾತ್ರ ಅಲ್ಲ. ಅವರು ಮುಳುಗಡೆಯವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಹಿಂದಕ್ಕೆ ಒತ್ತಿ ಬಂದಾಗ ಅಮ್ಮನಿಗೆ ಒಂಬತ್ತು ವರ್ಷ. ಅಜ್ಜ ಗೇಣಿ ರೈತ. ಗೇಣಿದಾರರು ಕಾಗೋಡಿನಲ್ಲಿ 1951ರಲ್ಲಿ ಎದ್ದು ನಿಂತದ್ದು ನಿಜ, ಉಳುವವನೇ ಒಡೆಯ ಎಂಬ ಕಾನೂನು ಬಂದದ್ದೂ ನಿಜ, ಆದರೆ ಅದು ಬಂದದ್ದು 1974ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ ಅಜ್ಜನ ಗದ್ದೆ ನೀರಿನಡಿಗೆ ಹೋಗಿತ್ತು. ನೆಲ ಅವರ ಹೆಸರಿನಲ್ಲಿ ಇರಲಿಲ್ಲವಾದ್ದರಿಂದ ಪರಿಹಾರದ ದುಡ್ಡೂ ಅವರ ಹೆಸರಿಗೆ ಬರಲಿಲ್ಲ. ಗಾಡಿಯಲ್ಲಿ ಪಾತ್ರೆ, ಬೀಜದ ಭತ್ತ, ಎರಡು ಕೂಣಿ ಹೇರಿಕೊಂಡು ಹೊರಟರಂತೆ. ಕೂಣಿ ಎಂದರೆ ಗೊತ್ತಲ್ಲ, ಬಿದಿರಿನಲ್ಲಿ ಹೆಣೆದ ಮೀನು ಹಿಡಿಯುವ ಬುಟ್ಟಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ, ಲಿಂಗನಮಕ್ಕಿಗಿಂತ ಮೊದಲು 1948ರಲ್ಲಿ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಎದ್ದು ಬರುತ್ತದೆ. ಪ್ರವಾಸಿಗಳು ಫೋಟೋ ತೆಗೆಯುತ್ತಾರೆ. ಅಮ್ಮ ಒಮ್ಮೆಯೂ ಅದನ್ನು ನೋಡಲು ಹೋಗಿಲ್ಲ.

ತಂಗಿ ಇರುವುದು ನಿಮ್ಮ ಕಡೆ, ಮಿಲ್ಟನ್ ಕೀನ್ಸ್‌ನಲ್ಲಿ. ಅಮ್ಮ ಇಲ್ಲಿಗೆ ಬರುವ ಮೊದಲು ಅಲ್ಲಿಗೆ ಹೋಗಿದ್ದರು. ಅದೂ ಹೊಸ ಪಟ್ಟಣವೇ. 1967ರಲ್ಲಿ ಸರ್ಕಾರ ಗುರುತು ಮಾಡಿ ಬಿಡಿಸಿದ ಊರು, ನೇರ ರಸ್ತೆಗಳು, ಲೆಕ್ಕವಿಲ್ಲದಷ್ಟು ವೃತ್ತಗಳು, ಸಾಲದ್ದಕ್ಕೆ ಕಾಂಕ್ರೀಟಿನ ಹಸುಗಳು. ಅಲ್ಲೂ ಇದೇ ಪ್ರಶ್ನೆ ಕೇಳಿದರಂತೆ. ತಂಗಿ ಒಂದು ಭಾನುವಾರ ಅವರನ್ನು ಹಳೆಯ ಮಿಲ್ಟನ್ ಕೀನ್ಸ್ ಹಳ್ಳಿಗೇ ಕರೆದುಕೊಂಡು ಹೋದಳು. ಹುಲ್ಲಿನ ಛಾವಣಿಯ ಪಬ್, ಹಳೆಯ ಚರ್ಚು, ನಾಲ್ಕಾರು ಮನೆ. ಅಷ್ಟು ದೊಡ್ಡ ನಗರಕ್ಕೆ ಹೆಸರು ಕೊಟ್ಟದ್ದು ಆ ಪುಟ್ಟ ಹಳ್ಳಿ. ಸುತ್ತಲಿನ ಸ್ಟೋನಿ ಸ್ಟ್ರಾಟ್‌ಫರ್ಡ್, ವುಲ್ವರ್ಟನ್, ಬ್ಲೆಚ್ಲಿಗಳೂ ತಮ್ಮ ತಮ್ಮ ಹೆಸರಿನಲ್ಲೇ ಇವೆ. "ಊರವ್ರಿಗೆ ಸಿಟ್ಟಿತ್ತಂತೆ ಆಗ, ಆದ್ರೂ ಹೆಸ್ರು ಉಳ್ಸಿದಾರೆ" ಎಂದು ಅಮ್ಮ ಬಂದು ವರದಿ ಒಪ್ಪಿಸಿದರು. ಹೆಸರು ಉಳಿದರೆ ಎಲ್ಲ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ಅಲ್ಲಿಯ ರೈತರನ್ನು ಕೇಳಿದರೆ ಬೇರೆಯೇ ಕಥೆ ಹೇಳಿಯಾರು. ಆದರೆ ಆ್ಯಕ್ಷನ್ ಏರಿಯಾ ಎನ್ನುವುದಕ್ಕಿಂತ ವಾಸಿ.

ಇಲ್ಲಿ ಅಮ್ಮನ ಪ್ರಶ್ನೆಗೆ ಉತ್ತರ ಕೊಟ್ಟದ್ದು ನಮ್ಮ ಮನೆಗೆಲಸದ ಮಾಶಿ. ಬಂಗಾಳದಲ್ಲಿ ಮಾಶಿ ಎಂದರೆ ಚಿಕ್ಕಮ್ಮ ದೊಡ್ಡಮ್ಮ, ಮನೆಗೆಲಸಕ್ಕೆ ಬರುವವರನ್ನೂ ಎಲ್ಲರೂ ಹಾಗೇ ಕರೆಯುತ್ತಾರೆ. ನಮ್ಮ ಗೋಪುರದ ಹಿಂದೆಯೇ, ಗೋಡೆಯಾಚೆ, ಸ್ವಾಧೀನದಿಂದ ಬಿಟ್ಟುಹೋದ ಹಳ್ಳಿಯ ತುಂಡು ಇದೆ. ಒಂದು ಕೊಳ, ಕಾಳಿ ಗುಡಿ, ತಗಡಿನ ಮಾಡುಗಳು, ಐದಾರು ತಾಳೆ ಮರ. ಅಲ್ಲಿಂದ ಬರುವವರು ಅವರು. ಅವರಪ್ಪ ಭಾಗ್‌ಚಾಷಿ, ಎಂದರೆ ನಮ್ಮ ಗೇಣಿದಾರರ ಹಾಗೆ, ಬೆಳೆಯಲ್ಲಿ ಪಾಲು ಕೊಟ್ಟು ಉಳುವವರು. ಬ್ರಿಟಿಷರ ಕಾಲದ 1894ರ ಕಾಯ್ದೆಯಡಿ ಜಮೀನು ಸ್ವಾಧೀನವಾದಾಗ ಮಾಲೀಕನಿಗೆ ಪರಿಹಾರ ಬಂತು, ಇವರಿಗೆ ಅದರಲ್ಲಿ ಸಣ್ಣ ಪಾಲು. ಇಲ್ಲಿ ನೆಲದ ಲೆಕ್ಕ ಕಟ್ಠಾದಲ್ಲಿ. ಒಂದು ಕಟ್ಠಾ 720 ಚದರ ಅಡಿ, ನಮ್ಮ ಗುಂಟೆಗಿಂತ ಚಿಕ್ಕದು. ಆಗ ಸಾವಿರಗಳಲ್ಲಿ ಇದ್ದ ಕಟ್ಠಾದ ಬೆಲೆ ಈಗ ಲಕ್ಷಗಳಲ್ಲಿ ಇದೆ. ನಮ್ಮ ಫ್ಲ್ಯಾಟು ಸುಮಾರು ಒಂದೂವರೆ ಕಟ್ಠಾ, ಅದೂ ಗಾಳಿಯಲ್ಲಿ.

ಅಮ್ಮನಿಗೆ ಬಂಗಾಳಿ ಬರದು, ಮಾಶಿಗೆ ಕನ್ನಡದ ಗಂಧವಿಲ್ಲ. ಆದರೂ ನಾನು ಬ್ಯಾಂಕಿಗೆ ಹೋದ ಮೇಲೆ ಇಬ್ಬರೂ ಬಾಲ್ಕನಿಯಲ್ಲಿ ಕೂತು ಏನು ಮಾತಾಡುತ್ತಿದ್ದರೋ, ಸಂಜೆ ನಾನು ಬರುವಷ್ಟರಲ್ಲಿ ಅಮ್ಮನ ಹತ್ತಿರ ನನಗಿಂತ ಹೆಚ್ಚು ಸುದ್ದಿ ಇರುತ್ತಿತ್ತು. ಮಾಶಿಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಅಳಿಯ ಟೋಟೋ ಓಡಿಸುತ್ತಾನೆ, ಅಣ್ಣ ಮೀನಿನ ಹೊಂಡದಲ್ಲಿ ಕೂಲಿ. ಮೀನಿನ ಹೊಂಡ ಎಂದರೆ ಕೋಲ್ಕತ್ತಾದ ಚರಂಡಿ ನೀರನ್ನೇ ಬಿಸಿಲಿಗೆ ತಿಳಿಯಾಗಿಸಿ ಮೀನು ಸಾಕುವ ಪೂರ್ವದ ಜೌಗು ಪ್ರದೇಶ. 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಅದಕ್ಕೆ ಸ್ವಲ್ಪ ರಕ್ಷಣೆ ಸಿಕ್ಕಿದೆ. ಅದಿಲ್ಲದಿದ್ದರೆ ನಮ್ಮಂಥವರ ಫ್ಲ್ಯಾಟುಗಳು ಅಲ್ಲಿಯವರೆಗೂ ನಡೆದುಹೋಗುತ್ತಿದ್ದವು. ಪಕ್ಕದ ಸಾಲ್ಟ್ ಲೇಕ್ ಹುಟ್ಟಿದ್ದು ಹಾಗೇ ಅಲ್ಲವೇ. 1962ರಲ್ಲಿ ಬಿಧಾನ್ ಚಂದ್ರ ರಾಯ್ ಶುರು ಮಾಡಿಸಿದ ಕೆಲಸ, ಹೂಗ್ಲಿ ನದಿಯ ಹೂಳನ್ನು ಪೈಪಿನಲ್ಲಿ ತಂದು ಉಪ್ಪುನೀರಿನ ಕೆರೆಗಳನ್ನು ತುಂಬಿಸಿದರು, ನಕ್ಷೆ ಹಾಕಿದವನು ಯುಗೋಸ್ಲಾವಿಯಾದ ಟೋಷ್ಕೊವಿಚ್.

ಒಂದು ಬೆಳಗ್ಗೆ ಅಮ್ಮ ನನಗೂ ಹೇಳದೆ ಮಾಶಿಯ ಜೊತೆ ಹಿಂದಿನ ಗೇಟಿನಿಂದ ಆ ಹಳ್ಳಿಗೆ ಹೋಗಿಬಂದರು. ಬರುವಾಗ ಕೈಯಲ್ಲಿ ಬಾಳೆಲೆ ಕಟ್ಟು, ಅದರೊಳಗೆ ಪುಂಟಿ ಮೀನು. ಮುಖ ಅರಳಿತ್ತು. "ಅವ್ರ ಮನೆ ಸೂರಲ್ಲಿ ಒಂದು ಕೂಣಿ ಸಿಕ್ಸಿಟ್ಟಿದಾರೆ ಮಾರಾಯ್ತಿ! ಥೇಟ್ ನಮ್ಮದೇ. ಇದೇನು ಅಂತ ಕೇಳಿದ್ದಕ್ಕೆ 'ಘುನಿ' ಅಂದ್ಲು. ಕೂಣಿ, ಘುನಿ! ಕೇಳಿದ್ಯಾ?" ಕೇಳಿದೆ. ಬಂಗಾಳಿಯಲ್ಲಿ ಘುನಿ ಎಂದರೆ ನಿಜವಾಗಿಯೂ ಬಿದಿರಿನ ಮೀನಿನ ಬುಟ್ಟಿ, ನ್ಯೂ ಟೌನಿನ ಮಗ್ಗುಲಲ್ಲಿ ಆ ಹೆಸರಿನ ಒಂದು ಹಳ್ಳಿಯೂ ಇದೆ. ಭಾಷಾಶಾಸ್ತ್ರದವರು ಈ ಎರಡು ಶಬ್ದಗಳ ನಂಟನ್ನು ಒಪ್ಪಲಿ ಬಿಡಲಿ, ಅಮ್ಮನ ಮಟ್ಟಿಗೆ ಅದು ತೀರ್ಮಾನವಾಗಿದೆ. ಊರಿಗೆ ಹೋದ ಮೇಲೆ ನೆಂಟರಿಗೆಲ್ಲ ಹೇಳಿದ್ದಾರೆ, ಕಲ್ಕತ್ತೆಯವರೂ ನಮ್ಮವರೇ ಎಂದು.

ಆ ಹಿಂದಿನ ಗೇಟಿನ ವಿಷಯ ಹೇಳಲೆಂದೇ ಇಷ್ಟೆಲ್ಲ ಬರೆದೆ.

ನಮ್ಮ ಸಮುಚ್ಚಯಕ್ಕೆ ಎರಡು ದಾರಿ. ಮುಂದಿನದು ಕಾರುಗಳಿಗೆ, ಕಾರಂಜಿ, ಸಮವಸ್ತ್ರದ ದರ್ವಾನರು. ಹಿಂದಿನದು ಎರಡು ಜನ ಒಟ್ಟಿಗೆ ನಡೆಯುವಷ್ಟು ಅಗಲದ ಕಬ್ಬಿಣದ ಬಾಗಿಲು, ಹಳ್ಳಿಯ ಕಡೆಗೆ. ಕಟ್ಟಡ ಕಟ್ಟುವಾಗ ಕೂಲಿಯವರಿಗೆಂದು ಬಿಟ್ಟದ್ದು, ಹಾಗೇ ಉಳಿಯಿತು. ಬೆಳಗ್ಗೆ ಐದೂವರೆಯಿಂದ ಮಾಶಿಯರು, ಹಾಲಿನವನು, ಕಾರು ತೊಳೆಯುವ ಹುಡುಗರು, ಮೀನಿನ ಬುಟ್ಟಿ ಹೊತ್ತವರು ಅದರಲ್ಲೇ ಬರುತ್ತಾರೆ. ಕಳೆದ ವರ್ಷ ಎರಡು ಸೈಕಲ್ ಕಳುವಾದವು. ಕ್ಯಾಮೆರಾದಲ್ಲಿ ಯಾರ ಮುಖವೂ ಕಾಣಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಅರ್ಧ ಗಂಟೆಯೊಳಗೆ ಕಳ್ಳರು ಯಾವ ಕಡೆಯಿಂದ ಬಂದರೆಂದು ಇತ್ಯರ್ಥವಾಗಿತ್ತು. ಹಿಂದಿನ ಗೇಟು ಮುಚ್ಚಿ ಇಟ್ಟಿಗೆ ಕಟ್ಟಿಬಿಡಬೇಕು ಎಂಬ ಪ್ರಸ್ತಾವ ಅಸೋಸಿಯೇಷನ್ನಿನ ವಾರ್ಷಿಕ ಸಭೆಗೆ ಬಂತು.

ಮುಚ್ಚಿದರೆ ಏನಾಗುತ್ತದೆ? ಹಳ್ಳಿಯವರು ಕೊಳ ಬಳಸಿ, ಕಾಲುವೆಯ ಸೇತುವೆ ದಾಟಿ, ಸರ್ವಿಸ್ ರಸ್ತೆ ಹಿಡಿದು ಮುಂದಿನ ಗೇಟಿಗೆ ಬರಬೇಕು. ನಾನು ನಡೆದು ನೋಡಿದೆ. ಮಾಮೂಲು ನಾಲ್ಕು ನಿಮಿಷದ ದಾರಿಗೆ ಮೂವತ್ತೊಂದು ನಿಮಿಷ ಹಿಡಿಯಿತು. ಮಾಶಿ ಬೆಳಗ್ಗೆ ಮೂರು ಮನೆ ಮಾಡಿ, ಮಧ್ಯಾಹ್ನ ತನ್ನ ಮನೆಗೆ ಹೋಗಿ ಅಡುಗೆ ಮಾಡಿ, ಮತ್ತೆ ಸಂಜೆ ಎರಡು ಮನೆಗೆ ಬರುತ್ತಾರೆ. ದಿನಕ್ಕೆ ನಾಲ್ಕು ಸಲ ಆ ದಾರಿ. ಎರಡು ಗಂಟೆ ಎಂದರೆ ಒಂದು ಮನೆಯ ಕೆಲಸ ಕೈಬಿಟ್ಟ ಹಾಗೆ, ಒಂದು ಮನೆಯ ಸಂಬಳ ಹೋದ ಹಾಗೆ.

ಸಭೆಯಲ್ಲಿ ನಾನು ಮಾತಾಡುವುದು ಕಮ್ಮಿ. ನನ್ನ ಬಂಗಾಳಿಯಲ್ಲಿ ಲಿಂಗ ವಚನ ಎಲ್ಲ ಮೊದಲೇ ಇಲ್ಲದ್ದರಿಂದ ವ್ಯಾಕರಣದ ಭಯವಿಲ್ಲ, ಆದರೆ 'ಅ' ಬಂದಲ್ಲೆಲ್ಲ 'ಒ' ಹಾಕುವುದು ಮರೆತು ಜನ ನಗುತ್ತಾರೆ. ಅವತ್ತು ಎದ್ದು ನಿಂತೆ. ಸಿಮೆಂಟಿನ ಲೆಕ್ಕ ಹೇಳಿದೆ, ನಡಿಗೆಯ ನಿಮಿಷ ಹೇಳಿದೆ, ಕಾರ್ಡು ತೋರಿಸಿ ಒಳಗೆ ಬಿಡುವ ವ್ಯವಸ್ಥೆ ಮಾಡಬಹುದು ಎಂದೆ. ಆಮೇಲೆ, ಬರೆದುಕೊಂಡು ಹೋಗದ ಒಂದು ಮಾತೂ ಬಂತು. 1757ರಲ್ಲಿ ಪ್ಲಾಸಿ ಯುದ್ಧ ಗೆದ್ದ ಇಂಗ್ಲಿಷರು ಹೊಸ ಕೋಟೆ ಕಟ್ಟಲು ಗೋಬಿಂದಪುರ ಎಂಬ ಇಡೀ ಹಳ್ಳಿಯನ್ನು ಎಬ್ಬಿಸಿದರು, ಕೋಟೆಯ ಸುತ್ತ ತೆರವು ಮಾಡಿದ್ದೇ ನೀವು ಕ್ರಿಕೆಟ್ ಆಡುವ, ಪುಸ್ತಕ ಮೇಳಕ್ಕೆ ಹೋಗುತ್ತಿದ್ದ ಮೈದಾನ. ಸುತಾನುಟಿ, ಕಲಿಕಾತಾ, ಗೋಬಿಂದಪುರ ಎಂದು ಮೂರು ಹಳ್ಳಿಗಳ ಹೆಸರನ್ನು ನಿಮ್ಮ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಗೋಡೆಯಾಚೆಯ ಊರಿನ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಸ್ವಲ್ಪ ಹೊತ್ತು ಮೌನ. ಆಮೇಲೆ ಮೂರನೇ ಸಾಲಿನಲ್ಲಿ ಕೂತಿದ್ದ, ನಿವೃತ್ತ ಕಾಲೇಜು ಮೇಷ್ಟ್ರು, ನಾವೆಲ್ಲ ಕಾಕು ಎಂದು ಕರೆಯುವವರು, ಕೋಲೂರಿ ಎದ್ದರು. ತಮ್ಮ ತಂದೆ ತಾಯಿ ದೇಶ ವಿಭಜನೆಯ ಹೊತ್ತಿಗೆ ಬಾರಿಸಾಲದಿಂದ ಬಂದವರು, ಹುಟ್ಟೂರಿನ ಹೆಸರನ್ನು ಅಮ್ಮ ಸಾಯುವವರೆಗೂ ದಿನಾ ಹೇಳುತ್ತಿದ್ದರು ಎಂದಷ್ಟೇ ಹೇಳಿ ಕೂತರು. ಅವರಿಗೆ ಪಕ್ಕದ ಹಳ್ಳಿಯ ಹೆಸರು ಗೊತ್ತಿತ್ತು, ಜೋರಾಗಿಯೇ ಹೇಳಿದರು. ಬಂಗಾಳಿಗಳ ವಿಷಯದಲ್ಲಿ ನನಗೆ ಇದು ಇಷ್ಟ, ಎಷ್ಟೇ ಜಗಳವಾಗಲಿ, ನಡುವೆ ಒಬ್ಬರು ಎದ್ದು ಇಂಥ ಮಾತು ಹೇಳಿದರೆ ಕೇಳಿಸಿಕೊಳ್ಳುತ್ತಾರೆ. ಎದುರಿಗೆ ಕೂತವರೂ ಕೆಟ್ಟವರೇನಲ್ಲ. ಸೈಕಲ್ ಕಳೆದುಕೊಂಡ ಹುಡುಗನ ಅಮ್ಮ ಆಮೇಲೆ ನನ್ನ ಹತ್ತಿರ ಬಂದು, ದೀದಿ, ನನಗೆ ಗೇಟಿನ ಮೇಲೆ ದ್ವೇಷವಿಲ್ಲ, ರಾತ್ರಿ ಗಂಡ ಊರಲ್ಲಿ ಇರುವುದಿಲ್ಲ, ಹೆದರಿಕೆ ಅಷ್ಟೇ ಎಂದರು. ಅದಕ್ಕೆ ನನ್ನ ಬಳಿ ಚುರುಕಾದ ಉತ್ತರ ಏನೂ ಇರಲಿಲ್ಲ.

ಕೈ ಎತ್ತಿಸಿ ಎಣಿಸಿದರು. ಮುಚ್ಚಬೇಕು ಎಂದವರು ನಲವತ್ತೊಂದು, ಬೇಡ ಎಂದವರು ನಲವತ್ತಾರು. ಗೇಟು ಉಳಿಯಿತು, ಆದರೆ ಬೆಳಗ್ಗೆ ಐದೂವರೆಯಿಂದ ಹತ್ತು, ಸಂಜೆ ನಾಲ್ಕರಿಂದ ಎಂಟು, ಫೋಟೋ ಇರುವ ಕಾರ್ಡು, ಒಬ್ಬ ದರ್ವಾನ. ಒಂದು ವರ್ಷದ ಮಟ್ಟಿಗೆ. ಬರುವ ಸಭೆಯಲ್ಲಿ ಮತ್ತೆ ಚರ್ಚೆಗೆ ಬರುತ್ತದೆ. ಮಧ್ಯಾಹ್ನ ಗೇಟು ಮುಚ್ಚಿರುವುದರಿಂದ ಮಾಶಿ ಈಗ ಹತ್ತು ಗಂಟೆಯೊಳಗೆ ಎರಡು ಮನೆ ಮುಗಿಸಿ ಓಡುತ್ತಾರೆ, ಮೂರನೆಯದನ್ನು ಸಂಜೆಗೆ ಇಟ್ಟುಕೊಂಡಿದ್ದಾರೆ. ಕಾರ್ಡಿನಲ್ಲಿ ಅವರ ವಿಳಾಸದ ಜಾಗದಲ್ಲಿ ನಮ್ಮ ಆಫೀಸಿನ ಹುಡುಗ ಬ್ಲಾಕ್ ನಂಬರ್ ಬರೆದಿದ್ದ. ಅವರಿಗೆ ಓದಲು ಬರುವುದಿಲ್ಲ, ಮಗಳ ಹತ್ತಿರ ಓದಿಸಿ, ವಾಪಸು ತಂದು, ಊರಿನ ಹೆಸರು ಬರೆಸಿಕೊಂಡು ಹೋದರು.

ಅಮ್ಮ ಭಾನುವಾರ ಸಾಗರದಿಂದ ಫೋನು ಮಾಡಿದಾಗ ಮಕ್ಕಳ ಓದು, ಅಡಿಕೆ ರೇಟು, ನನ್ನ ಮಂಡಿನೋವು ಎಲ್ಲ ಆದ ಮೇಲೆ ಕೇಳುತ್ತಾರೆ, ಗೇಟು ಇದೆಯಲ್ಲ ಎಂದು. ಮಾಶಿಗೆ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಖಾಲಿಯಾಯಿತಂತೆ, ಇನ್ನೊಂದು ಭರಣಿ ಯಾರ ಜೊತೆ ಕಳಿಸುವುದು ಎಂದು ಈಗ ಅವರಿಗೆ ಚಿಂತೆ.